ಕೈಯಲ್ಲಿ 8 ಲಕ್ಷ ಇದೆ: ನಂದಿ ಹತ್ತಿರ ಗುಂಟೆ ಪ್ಲಾಟ್ ತಗೊಳ್ಳಲಾ? ಏಜೆಂಟ್ ಆಗೋಕೆ ಲೈಸೆನ್ಸ್ ಬೇಕಾ?

ನೀವು ಚಿಂತಾಮಣಿಯವರು, ಉಳಿಸಿದ್ದು 8 ಲಕ್ಷ. ನಂದಿ ಬೆಟ್ಟದ ಹತ್ತಿರ, ಕೃಷಿ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವ ‘ಫಾರ್ಮ್ ಪ್ಲಾಟ್’ ಕಣ್ಣಿಗೆ ಬಿದ್ದಿದೆ, ಮುಂದೆ ಏಜೆಂಟ್ ಆಗುವ ಆಸೆಯೂ ಇದೆ ಎಂದು ಬರೆದಿದ್ದೀರಿ. ನಾನು ಚಿಕ್ಕಬಳ್ಳಾಪುರದಲ್ಲಿ ಆಸ್ತಿ ಪತ್ರ ಬರೆಯುವವನು. ದಿನಾ ಇಂಥ ಕಾಗದಗಳನ್ನೇ ನೋಡುತ್ತೇನೆ.

ಲೈಸೆನ್ಸ್ ವಿಷಯ ಬೇಗ ಮುಗಿಯುತ್ತದೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಲೇಔಟ್, ಅಪಾರ್ಟ್‌ಮೆಂಟ್ ಮಾರಿಸಬೇಕಾದರೆ ಏಜೆಂಟ್ ಕೂಡ ಕರ್ನಾಟಕ ರೇರಾದಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಆಗಲೇಬೇಕಿದ್ದೂ ಆಗದ ಲೇಔಟನ್ನು ಅವರು ಮಾರಿಸುವಂತಿಲ್ಲ. ಯಾರದೋ ಹಳೆ ಮನೆ, ಒಂಟಿ ಸೈಟ್ ಕೊಡಿಸುವವರನ್ನು ರೇರಾ ಕೇಳುವುದಿಲ್ಲ. ಅದಕ್ಕೇ ನಮ್ಮ ಕಡೆ ಟೀ ಅಂಗಡಿಗೊಬ್ಬ ಬ್ರೋಕರ್ ಇರುವುದು.

ಇನ್ನು ಗುಂಟೆ ಪ್ಲಾಟ್. ನನ್ನನ್ನು ಕೇಳಿದರೆ ಬೇಡ. ಕೃಷಿಕರಲ್ಲದವರೂ ಜಮೀನು ತಗೊಳ್ಳಬಹುದು ಎಂದು 2020ರಲ್ಲಿ ಕಾನೂನು ಬದಲಾಯಿತು, ಮಾರುವವರು ಅದನ್ನೇ ದೊಡ್ಡದಾಗಿ ಹೇಳುತ್ತಾರೆ. ಅದು ಖರೀದಿಯ ಮಾತು ಅಷ್ಟೇ. ಕನ್ವರ್ಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಜಮೀನಿನಲ್ಲಿ ವೀಕೆಂಡ್ ಮನೆ ಕಟ್ಟುವುದು ಬೇರೆಯೇ ಮಾತು. 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ ಮೀರಿದ ಜಾಗವನ್ನು ಸೈಟ್ ಮಾಡಿ ಮಾರುವುದಾದರೆ ಜಾಹೀರಾತಿಗೆ ಮೊದಲೇ ರೇರಾ ನೋಂದಣಿ ಆಗಿರಬೇಕು. ‘ಸೈಟ್ ಅಲ್ಲ ಸಾರ್, ತೋಟ’ ಎನ್ನುವುದು ಏಕೆ ಎಂದು ಈಗ ಗೊತ್ತಾಯಿತಲ್ವಾ?

ಮಾರುವವರ ಬಳಿ ನಿಮ್ಮ ಭಾಗದ 11ಇ ನಕ್ಷೆ ಕೇಳಿ. ಒಂದು ಸರ್ವೆ ನಂಬರಿನಲ್ಲಿ ನೀವು ಕೊಳ್ಳುವ ತುಂಡು ಎಲ್ಲಿದೆ ಎಂದು ತೋರಿಸುವುದು ಅದು. ಸರ್ವೆ ಇಲಾಖೆಯ ನಕ್ಷೆ, ಬಣ್ಣದ ಬ್ರೋಷರ್ ಅಲ್ಲ. ಅದಿಲ್ಲದೆ ಬರೀ ‘ಪಾಲು’ ಎಂದು ಬರೆಸಿಕೊಂಡರೆ ಪಹಣಿಯಲ್ಲಿ ಹತ್ತಾರು ಜನರ ಜೊತೆ ಜಂಟಿಯಾಗಿ ಹೆಸರು ಬರುತ್ತದೆ. ನಿಮ್ಮ ಗುಂಟೆ ಯಾವ ಮೂಲೆಯದು ಎಂದು ನೀವು ತೋರಿಸಲಾರಿರಿ. ಬೇಲಿ ಹಾಕಿ ಮಾವಿನ ಗಿಡ ನೆಟ್ಟಿದ್ದು ದಾಖಲೆ ಆಗುವುದಿಲ್ಲ. ಮುಂದೆ ಮಾರುವಾಗ ಕೊಳ್ಳುವವರೂ ಇದನ್ನೇ ಕೇಳುತ್ತಾರೆ.

‘ಇಸಿ ಕ್ಲಿಯರ್ ಇದೆ’ ಎಂಬ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ಇಸಿ, ಅಂದರೆ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯ ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುವುದಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು, ಹಾಗಾಗಿ ವಂಶವೃಕ್ಷ ನೋಡಿ, ಎಲ್ಲರ ಸಹಿ ಕೇಳಿ. ಜಮೀನು ಮೂಲದಲ್ಲಿ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನಡುವೆ ನಾಲ್ಕು ಕೈ ದಾಟಿದ್ದರೂ ಅಷ್ಟೇ. ಹಾಗಾಗಿ ಈಗಿನ ಪಹಣಿ ಸಾಲದು, ಮಂಜೂರಾತಿ ದಾಖಲೆಯವರೆಗೂ ಹಿಂದಕ್ಕೆ ಹೋಗಬೇಕು. ಈ ಕೆಲಸ ವಕೀಲರಿಂದ ಮಾಡಿಸಿ. ವಕೀಲರನ್ನು ನೀವೇ ಹುಡುಕಿಕೊಳ್ಳಿ, ಬ್ರೋಕರ್ ಕರೆತಂದವರು ಬೇಡ.

8 ಲಕ್ಷಕ್ಕೆ ನಾನಾದರೆ ಚಿಂತಾಮಣಿಯಲ್ಲೇ ಕನ್ವರ್ಷನ್, ಪ್ಲಾನ್ ಮಂಜೂರಾತಿ ಎರಡೂ ಆದ ಲೇಔಟ್‌ನಲ್ಲಿ ಚಿಕ್ಕ ಸೈಟ್ ಹುಡುಕುತ್ತೇನೆ. ಪಂಚಾಯಿತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ಇರಬೇಕು. ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ ‘ಎರಡೂ ಒಂದೇ’ ಎಂದರೆ ಎದ್ದು ಬನ್ನಿ. ಸಿಗದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ, ಅವಸರವೇನು?

ಟೋಕನ್ ಮಾತ್ರ ನಗದಾಗಿ ಕೊಡಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ನಗದಾಗಿ ತಗೊಂಡವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡ ಇದೆ. ‘ಬ್ಯಾಂಕಿಗೆ ಹಾಕುತ್ತೇನೆ, ಅಕೌಂಟ್ ನಂಬರ್ ಕೊಡಿ’ ಎಂದು ಕೇಳಿ ನೋಡಿ. ಎಷ್ಟೋ ‘ಇವತ್ತೇ ಕೊನೆ ದಿನ’ ಆಫರ್‌ಗಳು ಅಲ್ಲಿಗೇ ನಿಲ್ಲುತ್ತವೆ.