ಕಿವಿಮಾತು: ಮಾವನವರ ರೇಡಿಯೊ ಮತ್ತು ಡೊಂಬಿವಲಿಯ ಕೋಗಿಲೆ

(ಸದ್ದು, ಸಂಗೀತ, ಕಿವಿಯ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮುಂಬೈಯ ನಿವೃತ್ತ ಸೌಂಡ್ ರೆಕಾರ್ಡಿಸ್ಟ್ ಒಬ್ಬರ ಉತ್ತರ)

ಪ್ರಶ್ನೆ: ನಮ್ಮದು ಒನ್ ಬಿಎಚ್‌ಕೆ ಮನೆ. ಹುಬ್ಬಳ್ಳಿ ಕಡೆಯ ನಮ್ಮ ಮಾವನವರು ಬೆಳಿಗ್ಗೆ ಐದೂವರೆಗೇ ರೇಡಿಯೊ ಹಚ್ಚುತ್ತಾರೆ. ಭಕ್ತಿಗೀತೆ, ವಾರ್ತೆ, ಹಳೆ ಹಾಡು ಅಂತ ರಾತ್ರಿವರೆಗೂ ಅದಕ್ಕೆ ಬಿಡುವಿಲ್ಲ. ನಮ್ಮವರು ಆಫೀಸಿಂದ ಬಂದರೆ ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಹಾಡು. ನನಗೆ ಬೆಳಿಗ್ಗೆ ಕಿಟಕಿ ತೆಗೆದು ಹಕ್ಕಿ ಕೂಗೋದು ಕೇಳಬೇಕು. ಮಳೆ ಬಂದರೆ ಮಳೆ ಕೇಳಬೇಕು. ಸ್ವಲ್ಪ ಹೊತ್ತು ಬಂದ್ ಮಾಡಿ ಅಂದರೆ "ನಿನಗೆ ಸಂಗೀತ ಅಂದ್ರೆ ಆಗೋದಿಲ್ಲ" ಅಂತಾರೆ. ನನ್ನಲ್ಲೇ ಏನಾದರೂ ದೋಷ ಇದೆಯಾ ಅಣ್ಣ?
– ಗೃಹಿಣಿ, ಡೊಂಬಿವಲಿ

ಉತ್ತರ: ದೋಷ ಏನೂ ಇಲ್ಲ ತಂಗಿ. ಸಂಗೀತ ಗೊತ್ತಿರುವವರೇ ಹಿನ್ನೆಲೆಯ ಹಾಡನ್ನು ಮೊದಲು ಬಂದ್ ಮಾಡುವವರು. ನಾನು ಕೆಲಸ ಮಾಡಿದ ಸ್ಟುಡಿಯೊಗಳಿಗೆ ಪಿಟೀಲು, ತಬಲಾ, ಕೊಳಲು ನುಡಿಸುವವರು ಎಷ್ಟೋ ಜನ ಬರುತ್ತಿದ್ದರು. ಚಹಾದ ಹೊತ್ತಿಗೆ ಕ್ಯಾಂಟೀನಿನಲ್ಲಿ ಟ್ರಾನ್ಸಿಸ್ಟರ್ ಹಾಡುತ್ತಿದ್ದರೆ ಎದ್ದು ಹೋಗಿ ಅದರ ಕಿವಿ ಹಿಂಡುತ್ತಿದ್ದವರು ಅವರೇ. ಕೇಳಿಯೂ ಕೇಳದಂತೆ ಇರೋದು ಅವರಿಗೆ ಬರುವುದಿಲ್ಲ. ಹಾಡು ಶುರುವಾಯಿತೋ, ಶ್ರುತಿ ಎಲ್ಲಿದೆ, ತಾಳ ಎಲ್ಲಿ ಜಾರಿತು ಅಂತ ಮನಸ್ಸು ಅದರ ಹಿಂದೆಯೇ ಓಡುತ್ತದೆ. ನಿಮ್ಮ ಕಿವಿಯೂ ಅದೇ ಜಾತಿಯದು ಅಂತ ನನ್ನ ಅಂದಾಜು.

ನಮ್ಮ ಕಸುಬಿನಲ್ಲಿ ರೂಮ್ ಟೋನ್ ಅಂತ ಒಂದಿದೆ. ದೃಶ್ಯದ ಶೂಟಿಂಗ್ ಮುಗಿದ ಮೇಲೆ ರೆಕಾರ್ಡಿಸ್ಟ್ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸುತ್ತಾನೆ. ಹೀರೊ, ಲೈಟ್ ಬಾಯ್, ಚಹಾ ಕೊಡುವ ಹುಡುಗ, ಯಾರೂ ಅಲ್ಲಾಡುವಂತಿಲ್ಲ. ಅರ್ಧ ನಿಮಿಷವೋ ಒಂದು ನಿಮಿಷವೋ ಆ ಜಾಗ ಸುಮ್ಮನಿರುವಾಗ ಹೇಗೆ ಕೇಳುತ್ತದೆ ಅನ್ನುವುದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಆಮೇಲೆ ಎಡಿಟಿಂಗಿನಲ್ಲಿ ಮಾತಿನ ನಡುವೆ ಖಾಲಿ ಬಿದ್ದ ಕಡೆ ಅದನ್ನು ತುಂಬುತ್ತಾರೆ. ತುಂಬದೆ ಬಿಟ್ಟರೆ ಪ್ರೇಕ್ಷಕರಿಗೆ ಥಟ್ಟನೆ ಕಿವಿ ಕಟ್ಟಿದ ಹಾಗಾಗುತ್ತದೆ. ಮಜಾ ಏನೆಂದರೆ, ಒಂದು ಕೋಣೆಯ ಟೋನ್ ಇನ್ನೊಂದು ಕೋಣೆಗೆ ಹೊಂದುವುದಿಲ್ಲ. ನಿಮ್ಮ ಡೊಂಬಿವಲಿ ಮನೆಗೂ ಒಂದು ಟೋನ್ ಇದೆ. ಫ್ಯಾನು, ಪಕ್ಕದ ಮನೆಯ ಕುಕ್ಕರು, ದೂರದ ಲೋಕಲ್ ರೈಲು, ಕಾಗೆ. ಹದಿನೆಂಟು ಗಂಟೆ ರೇಡಿಯೊ ಹಾಡುವ ಮನೆಯವರು ತಮ್ಮ ಮನೆಯ ಈ ದನಿಯನ್ನು ಒಮ್ಮೆಯೂ ಕೇಳಿರುವುದಿಲ್ಲ.

ರೇಡಿಯೊದವರಿಗೆ ಸುಮ್ಮನಿರೋದು ಅಂದರೆ ಭಯ. ಅದಕ್ಕೆ ಅವರಲ್ಲಿ ಡೆಡ್ ಏರ್ ಅಂತ ಹೆಸರು. ಕೆಲವು ಸೆಕೆಂಡು ಪ್ರಸಾರದಲ್ಲಿ ಏನೂ ಬಾರದಿದ್ದರೆ ಅಲಾರಂ ಹೊಡೆಯುವ ಯಂತ್ರವನ್ನೇ ಎಷ್ಟೋ ಸ್ಟೇಷನ್ನುಗಳು ಇಟ್ಟುಕೊಂಡಿರುತ್ತವೆ. ಜಾಹೀರಾತು ಬಂದಾಗ ದನಿ ಜೋರಾದ ಹಾಗೆ ಅನಿಸುತ್ತದಲ್ಲವಾ? ಅದು ನಿಮ್ಮ ಭ್ರಮೆ ಏನಲ್ಲ. ಜಾಹೀರಾತು ತಯಾರಿಸುವಾಗ ದನಿಯನ್ನು ಕಂಪ್ರೆಸ್ ಮಾಡುತ್ತೇವೆ. ಅಂದರೆ ಮೆಲ್ಲನೆಯ ಭಾಗವನ್ನೂ ಜೋರಿನ ಮಟ್ಟಕ್ಕೆ ಎತ್ತಿ ಇಡುವುದು. ನಿಮ್ಮನ್ನು ಹಿಡಿದು ನಿಲ್ಲಿಸುವುದೇ ಅದರ ಕೆಲಸ. ಕೋಗಿಲೆಗೆ ನಿಮ್ಮ ಹಂಗಿಲ್ಲ. ಗಂಡು ಕೋಗಿಲೆ ಕೂಗುವುದು ಹೆಣ್ಣಿಗಾಗಿ. ಕೂಗುತ್ತದೆ, ನಿಲ್ಲಿಸುತ್ತದೆ, ಆಚೆ ಮರದಿಂದ ಇನ್ನೊಂದು ಕೂಗುತ್ತದೆ. ನಡುವೆ ಜಾಗ ಇರುತ್ತದೆ. ಆ ಜಾಗದಲ್ಲಿ ನೀವು ನಿಮ್ಮ ಪಾಡಿಗೆ ಚಹಾ ಕುಡಿಯಬಹುದು, ಏನಾದರೂ ಯೋಚಿಸಬಹುದು.

ಇನ್ನು ಮಾವನವರ ವಿಷಯ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ ಇಲ್ಲ. ಧಾರವಾಡದ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ವಿವಿಧ ಭಾರತಿ 1957ರ ಅಕ್ಟೋಬರ್ 3ರಂದು. ಹುಬ್ಬಳ್ಳಿ ಕಡೆಯ ಆ ತಲೆಮಾರಿನವರು ಈ ದನಿಗಳ ಜತೆಗೇ ದೊಡ್ಡವರಾದರು. ಮನೆ ಬಿಟ್ಟು, ಗೆಳೆಯರನ್ನು ಬಿಟ್ಟು ಮಗನ ಮನೆಗೆ ಬಂದಿದ್ದಾರೆ. ಕೆಳಗೆ ಹೋದರೆ ಮಾತಾಡಲು ಕನ್ನಡದವರು ಸಿಗುತ್ತಾರೋ ಇಲ್ಲವೋ. ಅವರ ಪಾಲಿಗೆ ರೇಡಿಯೊ ಅಂದರೆ ಮಾತಾಡುವ ಒಬ್ಬ ಮನುಷ್ಯ. ಬಂದ್ ಮಾಡಿ ಅಂದರೆ ಆ ಮನುಷ್ಯನನ್ನು ಹೊರಗೆ ಹಾಕಿದ ಹಾಗೆ ಅವರಿಗೆ ಅನಿಸಬಹುದು.

ಆದರೆ ರೇಡಿಯೊ ಎಲ್ಲಿದೆ ಅಂತ ನೀವು ಬರೆದಿಲ್ಲ. ಹಾಲಿನಲ್ಲಿ ಫ್ರಿಜ್ ಮೇಲೆ ಇರಬಹುದು ಅಂತ ನನ್ನ ಊಹೆ. ಹೆಚ್ಚಿನ ಮನೆಗಳಲ್ಲಿ ಅಲ್ಲೇ ಇರುತ್ತದೆ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಸ್ಥಾಯಿಯ ಸದ್ದು. ಸ, ತ, ಫ ಥರದ ಅಕ್ಷರಗಳು ಮಸುಕಾಗುತ್ತವೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹಾಗಾಗಿ ವಾಲ್ಯೂಮ್ ಏರಿಸುತ್ತಾರೆ. ನೀವು ರೇಡಿಯೊವನ್ನು ಅವರ ಕುರ್ಚಿಯ ಪಕ್ಕಕ್ಕೆ, ಕೈಗೆಟುಕುವಷ್ಟು ಹತ್ತಿರಕ್ಕೆ ತಂದಿಡಿ. ಬಯಲಿನಲ್ಲಾದರೆ ದೂರ ಅರ್ಧವಾದಾಗ ಸದ್ದು 6 ಡೆಸಿಬಲ್ ಏರುತ್ತದೆ. ಮನೆಯೊಳಗೆ ಗೋಡೆಗಳ ಪ್ರತಿಧ್ವನಿ ಇರುವುದರಿಂದ ಅಷ್ಟು ಸಿಗುವುದಿಲ್ಲ. ಆದರೂ ಸಿಗುವುದು ಕಡಿಮೆ ಏನಲ್ಲ. ಅವರಿಗೆ ಮಾತು ಸ್ಪಷ್ಟವಾಗುತ್ತದೆ, ಅವರೇ ವಾಲ್ಯೂಮ್ ಇಳಿಸುತ್ತಾರೆ. ಅಡುಗೆಮನೆಯಲ್ಲಿ ನಿಮಗೆ ಅರ್ಧ ನೆಮ್ಮದಿ. ಒಮ್ಮೆ ಕಿವಿಯ ಡಾಕ್ಟರಿಗೂ ತೋರಿಸಿ. ಮತ್ತೆ ಆಕಾಶವಾಣಿಯ ಆ್ಯಪ್‌ನಲ್ಲಿ ಈಗ ಧಾರವಾಡ ಕೇಂದ್ರವನ್ನು ಮುಂಬೈಯಲ್ಲೂ ಕೇಳಬಹುದು. ಅದನ್ನು ಅವರ ಫೋನಿಗೆ ನೀವೇ ಹಾಕಿಕೊಡಿ. ಅದಾದ ಮೇಲೆ "ಮಾವ, ಬೆಳಿಗ್ಗೆ ಆರೂವರೆವರೆಗೆ ಮಾತ್ರ ಬೇಡ" ಅಂತ ಕೇಳಿ ನೋಡಿ. ಒಪ್ಪುತ್ತಾರೆ. ಇಡೀ ದಿನ ಬೇಡ ಅಂದರೆ ಯಾರೂ ಒಪ್ಪುವುದಿಲ್ಲ.

ನಿಮ್ಮ ಯಜಮಾನರ ಮೇಲೆ ನನಗೆ ಅಷ್ಟು ಕನಿಕರ ಇಲ್ಲ. ಎದುರಿಗೆ ಹೆಂಡತಿ ಕೂತಿರುವಾಗ ಮೊಬೈಲಿನಲ್ಲಿ ಹಾಡು ಯಾಕೆ? ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಒಮ್ಮೆ ಕರೆದುಕೊಂಡು ಹೋಗಿ ಅನ್ನಿ. ನಮ್ಮ ಗದಗದ ಕಡೆಯ ಭೀಮಸೇನ ಜೋಶಿಯವರು, ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರು ಮಾಡಿದ್ದು. ಡಿಸೆಂಬರ್ ಚಳಿಯಲ್ಲಿ ಜನ ಶಾಲು ಹೊದ್ದು ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಸಂಗೀತ ಇಷ್ಟ ಅನ್ನುವವರು ಹಾಗೆ ಕೇಳಬೇಕು. ಊಟವಾದ ಮೇಲೆ ಇಬ್ಬರೂ ಕೂತು ಒಂದೇ ಒಂದು ಹಾಡು ಪೂರ್ತಿ ಕೇಳಿ. ಪಾತ್ರೆ ತೊಳೆಯೋದು ಆಮೇಲೆ, ಅವರೂ ಕೈ ಜೋಡಿಸಲಿ. "ನಿನಗೆ ಸಂಗೀತ ಆಗೋದಿಲ್ಲ" ಅನ್ನುವ ಮಾತು ತಾನಾಗಿ ನಿಲ್ಲುತ್ತದೆ.

ಮಳೆ ಅಂದಿರಲ್ಲ, ಒಂದು ಗುಟ್ಟು ಹೇಳುತ್ತೇನೆ. ಮಳೆಯನ್ನು ರೆಕಾರ್ಡ್ ಮಾಡೋದು ತುಂಬಾ ಕಷ್ಟ. ಬಯಲಲ್ಲಿ ಮೈಕ್ ಹಿಡಿದರೆ ಹಪ್ಪಳ ಕರಿದ ಹಾಗೆ ಕೇಳುತ್ತದೆ, ಅಷ್ಟೆ. ಅದು ಬೀಳುವ ಜಾಗವನ್ನು ಹುಡುಕಬೇಕು. ತಗಡಿನ ಛಾವಣಿ, ಬಾಳೆ ಎಲೆ, ಬಕೆಟ್, ಎಸಿಯ ಡಬ್ಬಿ. ಜೂನ್ ಬಂದಾಗ ಕಿಟಕಿ ಪಕ್ಕ ನಿಂತು ಇದನ್ನೆಲ್ಲ ಬೇರೆ ಬೇರೆಯಾಗಿ ಹಿಡಿಯಲು ಆಗುತ್ತದಾ ನೋಡಿ. ಮಾವನವರನ್ನೂ ಕರೆಯಿರಿ. ಹಂಚಿನ ಮನೆಯ ಮಳೆ ಹೇಗಿತ್ತು ಅಂತ ಅವರೇ ಹೇಳಿಯಾರು.

ಪ್ರಶ್ನೆ: ನಮ್ಮದು ಸಣ್ಣ ಉಡುಪಿ ಹೋಟೆಲು. ಹೊಸ ಗಿರಾಕಿಗಳನ್ನು ಸೆಳೆಯಲು ಹಾಡು ಹಾಕಬೇಕು ಅಂತ ಮಗ, ಬೇಡ ಅಂತ ನಾನು. ಹಾಕಿ ನೋಡಿದೆವು. ಗದ್ದಲ ಇನ್ನೂ ಜಾಸ್ತಿಯಾಗಿದೆ. ಏನು ಮಾಡೋಣ?
– ಹೋಟೆಲ್ ಮಾಲೀಕರು, ಠಾಣೆ

ಉತ್ತರ: ನಿಮ್ಮ ಮಗ ಹೊಸದೇನೂ ಹೇಳಿಲ್ಲ. ಅಂಗಡಿ, ಆಫೀಸು, ಲಿಫ್ಟುಗಳಿಗೆ ಹಿನ್ನೆಲೆ ಸಂಗೀತ ಮಾರುವ ಮ್ಯೂಝಾಕ್ ಎಂಬ ಕಂಪನಿ ಅಮೆರಿಕದಲ್ಲಿ 1934ರಲ್ಲೇ ಶುರುವಾಗಿತ್ತು. ಆದರೆ ಅಲ್ಲಿ ನೆಲಕ್ಕೆ ಕಾರ್ಪೆಟ್ಟು, ಕಿಟಕಿಗೆ ದಪ್ಪ ಪರದೆ. ನಮ್ಮ ಹೋಟೆಲುಗಳಲ್ಲಿ ಟೈಲ್ಸ್ ಗೋಡೆ, ಗ್ರಾನೈಟ್ ಮೇಜು, ಸ್ಟೀಲ್ ತಟ್ಟೆ. ಹುಟ್ಟಿದ ಸದ್ದೆಲ್ಲ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ಡಾಕ್ಟರ್ ಲೊಂಬಾರ್ ಇದನ್ನು 1911ರಲ್ಲಿ ತೋರಿಸಿಕೊಟ್ಟರು. ನೀವು ಹಾಡು ಹಾಕಿದಿರಿ. ಗಿರಾಕಿಗಳು ಜೋರಾಗಿ ಮಾತಾಡಿದರು. ಹಾಡು ಕೇಳಿಸುತ್ತಿಲ್ಲ ಅಂತ ಮಗ ವಾಲ್ಯೂಮ್ ಏರಿಸಿದ. ಹೌದಲ್ವಾ?

ಹಾಡು ತೆಗೆಯಿರಿ. ಹೇಗೂ ಹೋಟೆಲಿನಲ್ಲಿ ರೆಕಾರ್ಡ್ ಹಾಡು ಹಾಕಲು ಲೈಸೆನ್ಸ್ ಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ಆ ದುಡ್ಡಲ್ಲಿ ಕುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕಿಸಿ. ತಟ್ಟೆ ಲೋಟ ದಡಾರನೆ ಸುರಿಯುವ ಜಾಗಕ್ಕೊಂದು ಬಾಗಿಲು ಇಡಿಸಿ. ದೋಸೆ ಕಾವಲಿಯನ್ನು ಮಾತ್ರ ಮುಚ್ಚಬೇಡಿ. ಹಿಟ್ಟು ಬಿದ್ದಾಗ ಬರುವ ಆ ಚುಂಯ್ ಸದ್ದು ಕೇಳಿ ಇನ್ನೊಂದು ಮಸಾಲೆ ಹೇಳುವವರಲ್ಲಿ ನಾನೂ ಒಬ್ಬ.

ಪ್ರಶ್ನೆ: ಸಿಎ ಪರೀಕ್ಷೆಗೆ ಓದುತ್ತಿದ್ದೇನೆ. ಇಯರ್‌ಫೋನಿನಲ್ಲಿ ಹಾಡು ಕೇಳುತ್ತಾ ಓದಿದರೆ ತಲೆಗೆ ಹೋಗುತ್ತಾ?
– ವಿದ್ಯಾರ್ಥಿ, ಮಾಟುಂಗ

ಉತ್ತರ: ಸಾಹಿತ್ಯ ಇರುವ ಹಾಡಾದರೆ ಕಷ್ಟ. ಓದುವಾಗ ಮನಸ್ಸಿನೊಳಗೆ ಮಾತು ನಡೆಯುತ್ತಿರುತ್ತದೆ. ಹಾಡಿನ ಮಾತು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಅರ್ಥವಾಗದ ಭಾಷೆಯ ಮಾತಾದರೂ ನೆನಪಿಗೆ ತೊಂದರೆ ಆಗುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಲೆಕ್ಕ ಬಿಡಿಸುವಾಗ ಬರೀ ವಾದ್ಯ ಇದ್ದರೆ ಕೆಲವರಿಗೆ ನಡೆಯುತ್ತದೆ. ಪಕ್ಕದ ಮನೆಯ ಟಿವಿ ಮಾತೇ ನಿಮ್ಮ ತೊಂದರೆಯಾದರೆ ಫ್ಯಾನ್ ಜೋರು ಮಾಡಿ. ಒಂದೇ ಸಮನೆ ಬರುವ ಸದ್ದು ಮಾತನ್ನು ಮುಚ್ಚುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಅಂತ ದುಡ್ಡು ಸುರಿಯುವ ಮೊದಲು ಒಂದು ಗೊತ್ತಿರಲಿ. ಅದು ಎಂಜಿನ್, ಎಸಿ ಥರದ ಗುಂಯ್‌ಗುಡುವ ಸದ್ದನ್ನು ಚೆನ್ನಾಗಿ ಅಳಿಸುತ್ತದೆ, ಮಾತನ್ನು ಅಷ್ಟಾಗಿ ಅಲ್ಲ.

ಪ್ರಶ್ನೆ: ಬಸ್ಸಿನಲ್ಲಿ ಪಕ್ಕದವರು ಮೊಬೈಲಿನಲ್ಲಿ ಜೋರಾಗಿ ರೀಲ್ಸ್ ನೋಡುತ್ತಾರೆ. ಹೇಳಿದರೆ ಜಗಳ.
– ವಿಲೇಪಾರ್ಲೆಯ ಓದುಗರು

ಉತ್ತರ: ನೀವು ಹೇಳಬೇಡಿ, ಕಂಡಕ್ಟರಿಗೆ ಹೇಳಿ. ಇಯರ್‌ಫೋನ್ ಇಲ್ಲದೆ ಮೊಬೈಲಿನಲ್ಲಿ ಹಾಡು, ವಿಡಿಯೊ ಹಾಕಬಾರದು ಅಂತ ಮುಂಬೈ ಬಸ್ಸುಗಳನ್ನು ನಡೆಸುವ ಬೆಸ್ಟ್ ಸಂಸ್ಥೆ 2023ರಲ್ಲೇ ಆದೇಶ ಹೊರಡಿಸಿದೆ. ಲೋಕಲ್ಲಿನ ಭಜನೆ ಮಂಡಳಿಗಳ ಬಗ್ಗೆ ಕೇಳಬೇಡಿ. ಅದರಲ್ಲಿ ನನ್ನ ಗೆಳೆಯರಿದ್ದಾರೆ.

ಪ್ರಶ್ನೆ: ನಮ್ಮ ಸೊಸೈಟಿ ಪಕ್ಕದ ಮೈದಾನದಲ್ಲಿ ರಾತ್ರಿ ಹನ್ನೊಂದಾದರೂ ಲೌಡ್‌ಸ್ಪೀಕರ್ ನಿಲ್ಲುವುದಿಲ್ಲ. ಕಾನೂನು ಏನನ್ನುತ್ತದೆ?
– ಹಿರಿಯ ನಾಗರಿಕರು, ಮುಲುಂಡ್

ಉತ್ತರ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹತ್ತು ಡೆಸಿಬಲ್ ವ್ಯತ್ಯಾಸ ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಸಣ್ಣ ಮಾತಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲ ಮಾಡಬಹುದು, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಸೈಲೆನ್ಸ್ ಝೋನ್ ಆಗಬಹುದು. ನಿಮ್ಮ ಪಕ್ಕದಲ್ಲಿ ಅಂಥದ್ದೇನಾದರೂ ಇದೆಯಾ ನೋಡಿ. 112ಕ್ಕೆ ಫೋನ್ ಮಾಡಿ. ಹೆಸರು ಹೊರಗೆ ಬಂದರೆ ಅಂತ ಹೆದರುತ್ತೀರಾ? ದೂರು ಕೊಟ್ಟವರ ಗುರುತು ಕೇಳದೆ ಪೊಲೀಸರು ಕ್ರಮ ಕೈಗೊಳ್ಳಬೇಕು ಅಂತ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಯಾರ ಲೌಡ್‌ಸ್ಪೀಕರ್ ಆದರೂ ಇದೇ ನಿಯಮ. ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೂ.

ಪ್ರಶ್ನೆ: ಮುಂಬೈಯಲ್ಲಿದ್ದುಕೊಂಡು ಹಕ್ಕಿ, ನೀರು, ಎಲೆಯ ಸದ್ದು ಕೇಳಬೇಕು ಅಂದರೆ ಎಲ್ಲಿಗೆ ಹೋಗಬೇಕು?
– ಬ್ಯಾಂಕ್ ಉದ್ಯೋಗಿ, ಕಾಂದಿವಲಿ

ಉತ್ತರ: ಮೊದಲು ನಿಮ್ಮ ಕಿಟಕಿಗೆ ಹೋಗಿ, ಬೆಳಿಗ್ಗೆ ಬಸ್ಸು ರಿಕ್ಷಾ ಶುರುವಾಗುವ ಮೊದಲು. ಗದ್ದಲದ ಊರಿನಲ್ಲಿ ಹಕ್ಕಿಗಳಿಗೂ ನಮ್ಮದೇ ಪಾಡು. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಟ್ರಾಫಿಕ್ ಜೋರಿರುವ ಕಡೆ ಗ್ರೇಟ್ ಟಿಟ್ ಹಕ್ಕಿಗಳು ಮೇಲಿನ ಸ್ಥಾಯಿಯಲ್ಲಿ ಹಾಡುವುದನ್ನು 2003ರಲ್ಲಿ ವಿಜ್ಞಾನಿಗಳು ದಾಖಲಿಸಿದರು. ಕೆಳಸ್ಥಾಯಿಯನ್ನು ಮೋಟಾರುಗಳು ನುಂಗುತ್ತವಲ್ಲ, ಅದಕ್ಕೆ. ಮಾರ್ಚಿನಿಂದ ಜೂನ್‌ವರೆಗೆ ನಸುಕಿನಲ್ಲಿ ಮಡಿವಾಳ ಹಕ್ಕಿಯ ಸೀಟಿ ಹಾಡು ಸಿಗಬಹುದು. ಕಪ್ಪು ಬಿಳುಪಿನ ಸಣ್ಣ ಹಕ್ಕಿ, ಬಾಲ ಮೇಲೆತ್ತಿ ಆ್ಯಂಟೆನಾ ತುದಿಯಲ್ಲಿ ಕೂರುತ್ತದೆ. ಆಲ, ಅತ್ತಿ ಮರ ಹತ್ತಿರ ಇದ್ದರೆ ಟುಕ್ ಟುಕ್ ಅಂತ ಒಂದೇ ಲಯದಲ್ಲಿ ಕುಟ್ಟುವ ಕಂಚುಗಾರ ಹಕ್ಕಿ. ಅದು ಕೊಕ್ಕು ಮುಚ್ಚಿಕೊಂಡೇ ಕೂಗುತ್ತದೆ. ಹಾಗಾಗಿ ಎಲ್ಲಿ ಕೂತಿದೆ ಅಂತ ಹುಡುಕುವುದೇ ಒಂದು ಆಟ. ಕೋಗಿಲೆ ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಮುಂಬೈಯಲ್ಲಿ ಕಾಗೆಗೆ ಬರ ಇಲ್ಲ, ಹಾಗಾಗಿ ಕೋಗಿಲೆಗೂ ಇಲ್ಲ. ಕುಹೂ ಅನ್ನುವುದು ಗಂಡು. ಹೆಣ್ಣಿನದು ಕಿಕ್ ಕಿಕ್ ಕಿಕ್ ಅಂತ ಒರಟು ದನಿ.

ರಜೆ ಇದ್ದ ದಿನ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ನಿಮಗೆ ಪಕ್ಕದಲ್ಲೇ ಇದೆ. ಊರಿನ ನಡುವೆ 100 ಚದರ ಕಿಲೋಮೀಟರ್ ಮೀರಿದ ಕಾಡು. ಮಳೆ ಶುರುವಾದ ಮೇಲೆ ಕಾನ್ಹೇರಿ ಗುಹೆಗಳ ಕಡೆ ಕಲ್ಲಿನ ಮೇಲೆ ನೀರು ಹರಿಯುತ್ತಿರುತ್ತದೆ. ಅಲ್ಲಿನ ದೊಡ್ಡ ಚೈತ್ಯದೊಳಗೆ, ಅಂದರೆ ಬೌದ್ಧರ ಪ್ರಾರ್ಥನಾ ಗುಹೆಯೊಳಗೆ, ಮೆಲ್ಲಗೆ ಕೆಮ್ಮಿದರೂ ಸಾಕು, ಕಲ್ಲು ಉತ್ತರ ಕೊಡುತ್ತದೆ. ಭಾನುವಾರ ಬೇಡ, ಬ್ಲೂಟೂತ್ ಸ್ಪೀಕರ್ ಹಿಡಿದ ಗುಂಪುಗಳು ಇರುತ್ತವೆ. ಸೋಮವಾರ ಪಾರ್ಕ್ ಬಂದ್. ಶನಿವಾರ ಬ್ಯಾಂಕಿಗೆ ರಜೆ ಸಿಕ್ಕರೆ ಗೇಟು ತೆರೆಯುವ ಹೊತ್ತಿಗೇ ಹೋಗಿ.