ಎರಡನೆಯ ಬಾರಿ ನಾಯಿಗೆ ರಕ್ತ ಕೊಡಿಸುವ ಮುನ್ನ: ನಿಯಮದ ಬಗೆಗಿನ ಪ್ರಶ್ನೆಗೆ ಪ್ರತಿಕ್ರಿಯೆ

ಉಣ್ಣೆ ಜ್ವರದಿಂದ (ರಕ್ತ ಹೀರುವ ಉಣ್ಣೆ ಹುಳುವಿನ ಕಡಿತದಿಂದ ಬರುವ ರೋಗ) ರಕ್ತಹೀನತೆಗೆ ತುತ್ತಾದ ತಮ್ಮ ಲ್ಯಾಬ್ರಡಾರ್‌ಗೆ ಎರಡನೆಯ ಬಾರಿ ರಕ್ತ ಕೊಡಿಸಬೇಕಾಗಿದೆ ಎಂದು ತಿಳಿಸಿ, ಆ ರಕ್ತದ ಗುಣಮಟ್ಟಕ್ಕೆ ನಮ್ಮಲ್ಲಿ ಯಾವುದಾದರೂ ನಿಯಮವಿದೆಯೇ ಎಂದು ತಾವು ಕೇಳಿದ್ದೀರಿ. ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು 2025ರಲ್ಲಿ ಪ್ರಾಣಿಗಳ ರಕ್ತ ವರ್ಗಾವಣೆ ಹಾಗೂ ರಕ್ತನಿಧಿಗಳಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿದ್ದು, ದಾನಿ ಪ್ರಾಣಿಯ ಆರೋಗ್ಯ, ರಕ್ತದ ಗುಂಪು, ಹೊಂದಾಣಿಕೆಯ ಪರೀಕ್ಷೆ ಮತ್ತು ಹಣಕ್ಕಾಗಿ ಅಲ್ಲದ ಸ್ವಯಂಪ್ರೇರಿತ ದಾನ ಇವೆಲ್ಲವೂ ಅದರಲ್ಲಿ ಸೇರಿವೆ. ಆದರೆ ಅದು ಸಲಹಾರೂಪದ್ದು. ಮನುಷ್ಯರ ರಕ್ತನಿಧಿಗಳಿಗೆ ಪರವಾನಗಿ ಕಡ್ಡಾಯವಾಗಿರುವಂತೆ ಇದಕ್ಕೆ ಕಾಯ್ದೆಯ ಬಲವಿಲ್ಲ. ಇದೇ ದೊಡ್ಡ ಕೊರತೆಯೆಂದು ನನ್ನ ದೃಢ ಅಭಿಪ್ರಾಯ.

ಹೀಗಿರುವಾಗ ಕೇಳಿ ತಿಳಿಯುವ ಹೊಣೆ ಸಾಕಿದವರ ಮೇಲೆಯೇ ಬೀಳುತ್ತದೆ. ನಾಯಿಗಳಲ್ಲಿ ಬೇರೆ ಗುಂಪಿನ ರಕ್ತದ ವಿರುದ್ಧ ಹುಟ್ಟಿನಿಂದಲೇ ಪ್ರಬಲ ಪ್ರತಿಕಾಯಗಳು (ಹೊರಗಿನದನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು) ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಮೊದಲ ಬಾರಿ ಪಡೆದ ರಕ್ತ ಬಹುಮಟ್ಟಿಗೆ ತೊಂದರೆ ಕೊಡದು. ಆದರೆ ಆ ಮೊದಲ ರಕ್ತವೇ ಪ್ರತಿಕಾಯಗಳನ್ನು ಹುಟ್ಟಿಸಿರಬಹುದಾದ್ದರಿಂದ, ಕೆಲವು ದಿನಗಳ ಬಳಿಕ ಅದೇ ಹೊಂದದ ಗುಂಪಿನ ರಕ್ತ ಮತ್ತೆ ಒಳಹೊಕ್ಕರೆ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾಗಬಹುದು. (ಬೆಕ್ಕುಗಳಿಗಂತೂ ಮೊದಲ ಬಾರಿಯೇ ಈ ಅಪಾಯವಿದೆ.) ಆದ್ದರಿಂದ ದಾನಿಯ ರಕ್ತಕಣಗಳನ್ನು ತಮ್ಮ ನಾಯಿಯ ಪ್ಲಾಸ್ಮಾದೊಂದಿಗೆ (ರಕ್ತದ ದ್ರವಭಾಗ) ಬೆರೆಸಿ, ಅವು ಗಂಟುಕಟ್ಟುತ್ತವೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯನ್ನು ಈ ಬಾರಿ ದಯವಿಟ್ಟು ಬಿಡಬೇಡಿ. ದಾನಿ ನಾಯಿಗೆ ಎರ್ಲಿಕಿಯಾ, ಬೆಬೀಸಿಯಾ ಸೋಂಕಿಲ್ಲವೆಂಬ ವರದಿಯನ್ನೂ ಕೇಳಿ ನೋಡಿರಿ. ಉಣ್ಣೆಯಿಂದ ಬರುವ ಈ ರೋಗಗಳು ರಕ್ತದ ಮೂಲಕವೂ ಹರಡುತ್ತವೆ.