ಟ್ರೌಟ್‌ಗೆಂದು ಕಟ್ಟಿದ ಫ್ಲೈ ಎಷ್ಟು ಮೀನುಗಳವರೆಗೆ ಬಾಳಬೇಕು?

ಈಚೆಗೆ ಮನೆಯಲ್ಲೇ ಫ್ಲೈ (ಗಾಳಕ್ಕೆ ಗರಿ, ಕೂದಲು, ನೂಲು ಸುತ್ತಿ ಮಾಡುವ ಹುಳುವಿನಂಥ ಕೃತಕ ಎರೆ) ಕಟ್ಟಲು ಆರಂಭಿಸಿರುವ ನೀವು, ಎರಡು ಮೂರು ಟ್ರೌಟ್ ಕಚ್ಚುವಷ್ಟರಲ್ಲಿ ನವಿಲುಗರಿಯ ಮೈ ಬಿಚ್ಚಿಹೋಗುತ್ತದೆಂದು ಬರೆದು, ಒಂದು ಫ್ಲೈ ಎಷ್ಟು ಬಾಳಿಕೆ ಬರಬೇಕು, ಎಲ್ಲ ಕಡೆಗೂ ಅಂಟು ಹಚ್ಚುವುದು ಸರಿಯೇ ಎಂದು ಕೇಳಿದ್ದೀರಿ. ನಾನು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಬೀವರ್‌ಕಿಲ್, ವಿಲೋವೀಮಾಕ್ ಹೊಳೆಗಳಲ್ಲಿ ನಾನೇ ಕಟ್ಟಿದ ಫ್ಲೈಗಳನ್ನು ಬಳಸುವವನು. ನನ್ನ ಅಭಿಪ್ರಾಯದಲ್ಲಿ ಎರಡು ಮೂರು ಮೀನಿಗೆ ಬಿಚ್ಚುವ ಫ್ಲೈಯ ಕಟ್ಟು ಸಡಿಲವಾಗಿದೆ. ನೀರಿನ ಮೇಲೆ ತೇಲುವ ಡ್ರೈ ಫ್ಲೈ ಎಂಟು ಹತ್ತು ಮೀನುಗಳನ್ನು ತಡೆದುಕೊಂಡರೆ ಸಾಕು. ಅದಕ್ಕಿಂತ ಹೆಚ್ಚು ಬಾಳಲೆಂದು ಅದರ ಮೃದುತ್ವವನ್ನು ಕಳೆಯುವುದು ಬೇಡ.

ಟ್ರೌಟ್‌ಗೆ ದವಡೆಗಳಲ್ಲಷ್ಟೇ ಅಲ್ಲ, ಅಂಗುಳಿನಲ್ಲಿಯೂ ನಾಲಿಗೆಯ ಮೇಲೂ ಚಿಕ್ಕದಾದ, ಚೂಪಾದ ಹಲ್ಲುಗಳಿರುತ್ತವೆ. ಅವು ಗಾಳದ ಉಕ್ಕನ್ನು ಏನೂ ಮಾಡಲಾರವು. ಆದರೆ ಮೈಗೆ ಸುತ್ತಿದ ಎಳೆಯನ್ನು ಒಂದೇ ಒಂದು ಕಡೆ ಕತ್ತರಿಸಿದರೂ ಸಾಕು, ಅದರ ಸುತ್ತುಗಳೆಲ್ಲ ಸಡಿಲಗೊಂಡು ಬಿಚ್ಚಿಕೊಳ್ಳುತ್ತವೆ. ನವಿಲುಗರಿಯ ಎಳೆಯಂತೂ ಬಹಳ ಬೇಗ ತುಂಡಾಗುತ್ತದೆ.

ಈ ತೊಂದರೆ ನಿಮ್ಮೊಬ್ಬರದಲ್ಲ. 1878ರಲ್ಲಿ ನ್ಯೂಯಾರ್ಕ್‌ನ ವೃತ್ತಿಪರ ಕಟ್ಟುಗಾರ ಜಾನ್ ಹೇಲಿ, ನವಿಲುಗರಿಯ ಮೈಯುಳ್ಳ ಕೋಚ್‌ಮನ್ ಫ್ಲೈಯನ್ನು ಗಿರಾಕಿಯೊಬ್ಬರಿಗೆ ಕಟ್ಟಿಕೊಡುವಾಗ, ಅದು ಬೇಗ ಹಾಳಾಗದಿರಲೆಂದು ನಡುವೆ ಕೆಂಪು ರೇಷ್ಮೆಯನ್ನು ಸುತ್ತಿದರು. ಈಗ ರಾಯಲ್ ಕೋಚ್‌ಮನ್‌ನ ಅಲಂಕಾರದಂತೆ ಕಾಣುವ ಆ ಕೆಂಪು ಪಟ್ಟಿ ಹುಟ್ಟಿದ್ದು ಬಾಳಿಕೆಗಾಗಿ. 1930ರ ಸುಮಾರಿಗೆ ಅಮೆರಿಕದ ಫ್ಲೈ ಮೀನುಗಾರ ಲೀ ವುಲ್ಫ್ ನವಿರಾದ ಗರಿಯ ರೆಕ್ಕೆಗಳನ್ನು ಬಿಟ್ಟು ಜಿಂಕೆಯ ಬಾಲದ ಕೂದಲನ್ನು ಬಳಸತೊಡಗಿದ್ದಕ್ಕೂ, ಚೆನ್ನಾಗಿ ತೇಲಬೇಕೆಂಬುದರ ಜೊತೆಗೆ, ಇದೇ ಕಾರಣವಿತ್ತು. ಇಂಗ್ಲೆಂಡಿನಲ್ಲಿ ಏವನ್ ನದಿಯ ಪಾಲಕರಾಗಿದ್ದ ಫ್ರಾಂಕ್ ಸಾಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಫೆಸೆಂಟ್ ಟೇಲ್ ನಿಂಫ್‌ನಲ್ಲಿ (ನಿಂಫ್ ಎಂದರೆ ನೀರೊಳಗಿನ ಮರಿಹುಳುವನ್ನು ಹೋಲುವ, ಮುಳುಗುವ ಫ್ಲೈ) ನೂಲನ್ನೇ ಕೈಬಿಟ್ಟು, ಗರಿಯ ಎಳೆಗಳನ್ನು ತೆಳುವಾದ ತಾಮ್ರದ ತಂತಿಯೊಂದಿಗೆ ಸೇರಿಸಿ ಸುತ್ತಿದರು. ಮುಳುಗಲು ಬೇಕಾದ ತೂಕ ಮತ್ತು ಕಟ್ಟಿನ ಬಲ ಎರಡೂ ಆ ತಂತಿಯಿಂದಲೇ ಬಂದವು.

ನೀವು ಮಾಡಬೇಕಾದದ್ದೂ ಇದೇ ಬಗೆಯದು. ಮೊದಲು ಗಾಳದ ದಂಡಿನ ಉದ್ದಕ್ಕೂ ನೂಲನ್ನು ಬಿಗಿಯಾಗಿ ಸುತ್ತಿ ತಳ ಹಾಕಿಕೊಳ್ಳಿ. ಬರಿಯ ನುಣುಪಾದ ಉಕ್ಕಿನ ಮೇಲೆ ಕಟ್ಟಿದ ಮೈ, ಮೇಲೆ ಎಷ್ಟೇ ಅಂಟು ಹಚ್ಚಿದರೂ, ತಿರುಗುತ್ತದೆ. ಅನಂತರ ನವಿಲುಗರಿಯ ಮೂರು ನಾಲ್ಕು ಎಳೆಗಳನ್ನು ನೂಲಿನೊಂದಿಗೆ ಬತ್ತಿ ಹೊಸೆಯುವಂತೆ ಹೊಸೆದು ಸುತ್ತಿ. ಅದರ ಮೇಲೆ ತೆಳುವಾದ ತಂತಿಯನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ಒಂದೇ ದಿಕ್ಕಿನಲ್ಲಿ ಸುತ್ತಿದ ತಂತಿ ಎಳೆಗಳ ನಡುವಿನ ಸಂದಿಗೆ ಇಳಿದು ವ್ಯರ್ಥವಾಗುತ್ತದೆ. ವಿರುದ್ಧ ದಿಕ್ಕಿನದಾದರೆ ಪ್ರತಿಯೊಂದು ಸುತ್ತನ್ನೂ ಅಡ್ಡಲಾಗಿ ಹಾಯ್ದು ಒತ್ತಿ ಹಿಡಿಯುವುದರಿಂದ, ಒಂದು ಎಳೆ ತುಂಡಾದರೂ ಉಳಿದವು ನಿಲ್ಲುತ್ತವೆ. ಅಮೆರಿಕದ ಕಟ್ಟುಗಾರ ಆಲ್ ಟ್ರಾಥ್ ಅವರ ಎಲ್ಕ್ ಹೇರ್ ಕ್ಯಾಡಿಸ್ ಎಂಬ ಡ್ರೈ ಫ್ಲೈಯಲ್ಲಿ ಹ್ಯಾಕಲ್ ಗರಿಯನ್ನು (ಹುಳುವಿನ ಕಾಲುಗಳಂತೆ ಕಾಣಲೆಂದು ಸುತ್ತುವ ಕೋಳಿಯ ಗರಿಯನ್ನು) ಹಿಡಿದಿಡುವುದು ಇಂಥದೇ ತಂತಿ. ಕೊನೆಯ ಗಂಟನ್ನು, ಅಂದರೆ ವಿಪ್ ಫಿನಿಶ್ ಅನ್ನು, ಐದಾರು ಸುತ್ತು ಹಾಕಿ ಬಿಗಿದು, ತಲೆಗೆ ಒಂದು ಹನಿ ವಾರ್ನಿಷ್ ಕೊಡಿ. ನೂಲಿನ ಸುತ್ತುಗಳು ಹೆಚ್ಚಾದಷ್ಟೂ ಗಟ್ಟಿ ಎಂಬ ನಂಬಿಕೆ ಸರಿಯಲ್ಲ. ಹಿಡಿದಿಡುವುದು ಬಿಗಿಯೇ ಹೊರತು ಸುತ್ತುಗಳ ಸಂಖ್ಯೆಯಲ್ಲ, ಆ ಬಿಗಿ ಎಷ್ಟೆಂದು ತಿಳಿಯಲು ಬೇಕೆಂದೇ ಕೆಲವು ಬಾರಿ ನೂಲನ್ನು ಕಡಿಯುವವರೆಗೆ ಎಳೆದು ನೋಡಬೇಕು. (ನವಿಲುಗರಿ ಊರಿನಲ್ಲಿ ಹೇರಳವಾಗಿ ಸಿಗುತ್ತದೆಂದು ಅಲ್ಲಿಂದ ತರಿಸಿಕೊಳ್ಳುವ ಯೋಚನೆ ಮಾಡಬೇಡಿ, ಭಾರತದಿಂದ ಅದರ ರಫ್ತಿಗೆ ನಿಷೇಧವಿದೆ.)

ಇನ್ನು ಅಂಟಿನ ವಿಷಯ. ಮೈ ಸುತ್ತುವ ಮುನ್ನ ನೂಲಿನ ತಳದ ಮೇಲೆ ಸೂಪರ್ ಗ್ಲೂವನ್ನು ಸವರಿದಂತೆ ಮಾಡಿ, ಅದು ಹಸಿಯಿರುವಾಗಲೇ ಎಳೆಗಳನ್ನು ಸುತ್ತುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹ್ಯಾಕಲ್‌ನ ಎಳೆಗಳಿಗೆ, ಪಾರ್ಟ್ರಿಜ್ ಹಕ್ಕಿಯ ಗರಿಗೆ, ನವಿರಾದ ಮ್ಯಾರಬೂ ಗರಿಗೆ ಅಂಟು ತಾಗಬಾರದು. ಅಂಟು ಹೀರಿಕೊಂಡ ಗರಿ ಸೆಟೆದುಕೊಳ್ಳುತ್ತದೆ, ನೀರಿನಲ್ಲಿ ಹುಳುವಿನ ಕಾಲಿನಂತೆ ಅಲುಗಾಡುವುದನ್ನು ನಿಲ್ಲಿಸುತ್ತದೆ. ಅಂಥ ಫ್ಲೈ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಹಾಳಾಗದೆ ಉಳಿಯಬಹುದು, ಏಕೆಂದರೆ ಅದನ್ನು ಯಾವ ಮೀನೂ ಕಚ್ಚುವುದಿಲ್ಲ. ಸಿಡಿಸಿ ಗರಿಯ (ಬಾತುಕೋಳಿಯ ಬಾಲದ ಬುಡದ ಎಣ್ಣೆಗ್ರಂಥಿಯ ಸುತ್ತಲಿನ ಮೃದುವಾದ ಗರಿಯ) ಫ್ಲೈಗಳು ಒಂದೇ ಮೀನಿನ ಲೋಳೆಗೆ ಒದ್ದೆಯಾಗಿ ಮುದ್ದೆಯಾಗುವುದು ಕಟ್ಟಿನ ದೋಷವಲ್ಲ. ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿದರೆ ಮತ್ತೆ ತೇಲುತ್ತವೆ. ಮೊಲದ ಕೂದಲಿನ ಹೇರ್ಸ್ ಇಯರ್ ನಿಂಫ್ ಹಲ್ಲಿಗೆ ಸಿಕ್ಕಿ ಕೆದರಿದಾಗ ಮೊದಲಿಗಿಂತ ಚೆನ್ನಾಗಿಯೇ ಮೀನು ಹಿಡಿಯುತ್ತದೆಂಬುದು ಅನೇಕರ ಅನುಭವ, ನನ್ನದೂ ಸಹ.

ತಳದ ಕಲ್ಲುಗಳ ನಡುವೆ ಉರುಳಿಸುವ ಭಾರದ ನಿಂಫ್‌ಗಳ ಮಟ್ಟಿಗೆ ಲೆಕ್ಕವೇ ಬೇರೆ. ಅವು ಸವೆಯುವುದಕ್ಕೂ ಮೊದಲೇ ಕಲ್ಲಿಗೋ ಮುಳುಗಿದ ಕೊಂಬೆಗೋ ಸಿಕ್ಕಿ ಕಳೆದುಹೋಗುತ್ತವೆ. ಅವನ್ನು ಸರಳವಾಗಿ, ಬೇಗ, ಹೆಚ್ಚು ಸಂಖ್ಯೆಯಲ್ಲಿ ಕಟ್ಟಿಡುವುದೇ ಜಾಣತನ. ಹತ್ತು ನಿಮಿಷದ ಹೆಚ್ಚುವರಿ ಶ್ರಮವನ್ನು ಡ್ರೈ ಫ್ಲೈಗಳಿಗೆ ಮೀಸಲಿಡಿ.

ಹಲ್ಲಿಗಿಂತ ಹೆಚ್ಚು ಫ್ಲೈಗಳನ್ನು ಕೆಡಿಸುವುದು ಮೀನಿನ ಬಾಯಿಂದ ಗಾಳ ಬಿಡಿಸುವ ಫೋರ್ಸೆಪ್ಸ್ ಎಂದು ನನಗೆ ಅನೇಕ ಸಲ ಅನಿಸಿದೆ. ಮೈಯನ್ನೋ ಹ್ಯಾಕಲನ್ನೋ ಹಿಡಿದು ಎಳೆಯುವ ಬದಲು ಗಾಳದ ಬಾಗನ್ನು ಮಾತ್ರ ಹಿಡಿಯಬೇಕು. ಗಾಳದ ಒಳಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿದ್ದರೆ ಅದು ಸುಲಭವಾಗಿ ಹೊರಬರುತ್ತದೆ, ಬಿಟ್ಟುಬಿಡುವ ಮೀನಿಗೂ ಗಾಯ ಕಡಿಮೆ. ದಿನದ ಕೊನೆಗೆ ಒದ್ದೆ ಫ್ಲೈಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಡಬೇಡಿ, ಗಾಳ ತುಕ್ಕು ಹಿಡಿಯುತ್ತದೆ. ಮೈ ಪೂರ್ತಿ ಬಿಚ್ಚಿದ ಫ್ಲೈಯನ್ನೂ ಎಸೆಯುವ ಮುನ್ನ ಗಾಳದ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಕಚ್ಚಿ ನಿಂತರೆ ಬ್ಲೇಡಿನಿಂದ ಹಳೆಯ ಕಟ್ಟನ್ನು ಕೆರೆದು ಮತ್ತೆ ಕಟ್ಟಬಹುದು, ಜಾರಿದರೆ ಆ ಗಾಳದ ಮೇಲೆ ಹೊಸ ಗರಿಯನ್ನು ಖರ್ಚು ಮಾಡಬೇಡಿ.